ನಮ್ಮ ಮಿಲ್‌ಗೆ ಕೆಂಪು ಸುತ್ತು ಹಾಕಿದವರು ಯಾರು?

ಮಾನ್ಯ ಸಂಪಾದಕರೇ,

ನಮ್ಮ ನಾಲ್ಕನೇ ಕ್ರಾಸಿನಲ್ಲಿ ಗಂಡ ಹೆಂಡತಿಯನ್ನು ಇರಿದು ಕೊಂದ ಬಗ್ಗೆ ಮೂರು ದಿನದಿಂದ ನಿಮ್ಮ ಪತ್ರಿಕೆಯಲ್ಲಿ ಬರುತ್ತಿರುವುದನ್ನೆಲ್ಲ ಓದಿದ್ದೇನೆ. ಟಿವಿಯವರದ್ದನ್ನು ಟಿವಿ ಹಾಕಿ ನೋಡಬೇಕಾಗಿರಲಿಲ್ಲ, ಅದು ನಮ್ಮ ಬಾಗಿಲಲ್ಲೇ ನಡೆಯುತ್ತಿತ್ತು. ಆ ಮನೆ ಎದುರಿಗಿರುವ ಹಿಟ್ಟಿನ ಮಿಲ್ ನನ್ನದು. ಹೌದು, ಅದೇ. ಕೆಂಪು ಸುತ್ತು ಹಾಕಿ, ಬಾಣದ ಗುರುತು ಬಿಟ್ಟು, ‘ಹಂತಕ ಹೊಂಚು ಹಾಕಿದ್ದು ಇಲ್ಲೇನಾ?’ ಅಂತ ಸೋಮವಾರ ರಾತ್ರಿಯಿಡೀ ತೋರಿಸಿದರಲ್ಲ, ಆ ಮಿಲ್.

ಹೊಂಚು ಹಾಕೋಕೆ ಅವನೇನು ಬೇರೆ ಊರಿಂದ ಬಂದಿದ್ದನೇ? ಆ ಮನೆಯ ಗಂಡ. ಅವತ್ತು ಸಂಜೆ ಹಾಲಿನ ಪ್ಯಾಕೆಟ್ ಹಿಡಿದುಕೊಂಡು ಒಳಗೆ ಹೋಗಿದ್ದನ್ನು ನಾನೇ ನೋಡಿದ್ದೇನೆ. ಪೊಲೀಸರು ಬಂದಾಗಲೂ ಮನೆ ಜಗಲಿ ಮೇಲೇ ಕೂತಿದ್ದ. ಇದರಲ್ಲಿ ‘ಬಿಗ್ ಟ್ವಿಸ್ಟ್’ ಎಲ್ಲಿಂದ ಬಂತೋ ದೇವರಿಗೇ ಗೊತ್ತು. ಸುತ್ತು ಹಾಕಿದ್ದೇನೋ ಹಾಕಿದರು, ಬೋರ್ಡಿನ ಮೇಲಿದ್ದ ಮೊಬೈಲ್ ನಂಬರನ್ನಾದರೂ ಮಸುಕು ಮಾಡಬಾರದಿತ್ತೇ? ರಾತ್ರಿ ಒಂದು ಗಂಟೆಗೆ ಉತ್ತರ ಕರ್ನಾಟಕದ ಕಡೆಯಿಂದ ಯಾರೋ ಫೋನ್ ಮಾಡಿ, ‘ಅಣ್ಣಾರ, ರಗತ ನಿಮ್ಮ ಅಂಗಡಿ ತನಕ ಬಂದಿತ್ತೇನ್ರೀ?’ ಅಂತ ಕೇಳಿದರು. ಬಹಳ ಮರ್ಯಾದೆಯಿಂದಲೇ ಕೇಳಿದರು, ಅದು ಬೇರೆ ಮಾತು. ಇನ್ನೊಬ್ಬರು, ಆ ಮನೆ ಇನ್ನು ಬಾಡಿಗೆಗೆ ಕಮ್ಮಿಗೆ ಸಿಗಬಹುದಾ ಅಂದರು.

ಇದು ಗೌರಿ ಹಬ್ಬದ ವಾರ. ಮಿಲ್ ನಡೆಸುವವರಿಗೆ ಗೊತ್ತು, ವರ್ಷದಲ್ಲಿ ನಾಲ್ಕು ಕಾಸು ಕಾಣೋದು ಈಗಲೇ. ಅಕ್ಕಿ ಹಿಟ್ಟು, ಚಕ್ಕುಲಿ ಹಿಟ್ಟು ಅಂತ ಬೆಳಿಗ್ಗೆ ಆರಕ್ಕೇ ಡಬ್ಬಗಳು ಸಾಲುಗಟ್ಟಿರುತ್ತವೆ. ಈ ಸಲ ಸಾಲಾಗಿ ನಿಂತಿದ್ದು ಟಿವಿ ವ್ಯಾನುಗಳು. ಒಂದು ವ್ಯಾನು ನನ್ನ ಮೆಟ್ಟಿಲಿಗೇ ಒತ್ತಿಕೊಂಡು ನಿಂತಿತ್ತು. ಅದರ ಜನರೇಟರ್ ಹೊಗೆ ನೇರ ಒಳಗೆ. ಹೊಗೆ ವಾಸನೆ ಹಿಟ್ಟಿಗೆ ಹತ್ತುತ್ತಪ್ಪಾ ಅಂದರೆ, ‘ಲೈವ್ ಇದೆ ಸಾರ್, ಐದು ನಿಮಿಷ’ ಅನ್ನುತ್ತಾರೆ. ಆ ಐದು ನಿಮಿಷ ಮೂರು ದಿನವಾಯಿತು. ಇಬ್ಬರು ಅಜ್ಜಿಯರು ರಸ್ತೆಗೆ ಅಡ್ಡ ಎಳೆದಿದ್ದ ಕೇಬಲ್ ದಾಟಲಾಗದೆ ಡಬ್ಬ ಹೊತ್ತುಕೊಂಡು ವಾಪಸ್ ಹೋದರು. ನನ್ನ ಹತ್ತಿರ ಕೆಲಸ ಮಾಡುವ ಹುಡುಗನ ಬಾಯಿಗೆ ಮೈಕ್ ಹಿಡಿದು ‘ಕಿರುಚಾಟ ಕೇಳಿಸಿತಾ?’ ಅಂತ ಕೇಳಿದರು. ಅವನು ‘ಮಿಷನ್ ಶಬ್ದದಲ್ಲಿ ಏನೂ ಕೇಳಿಸಲ್ಲ’ ಅಂದ. ಅಷ್ಟಕ್ಕೇ ಅವನು ‘ಪ್ರತ್ಯಕ್ಷದರ್ಶಿ’ಯಾದ. ಅವರಮ್ಮ ಹೆದರಿ ಅವನನ್ನು ಊರಿಗೆ ಕರೆದುಕೊಂಡು ಹೋಗಿದ್ದಾರೆ. ಈಗ ಮೂಟೆ ಎತ್ತೋದೂ ನಾನೇ, ಜರಡಿ ಹಿಡಿಯೋದೂ ನಾನೇ.

ಟಿವಿಯವರನ್ನು ಬೈದರೆ ನಿಮಗೆ ಖುಷಿ ಆಗಬಹುದು. ನಿಮ್ಮ ವಿಷಯಕ್ಕೂ ಬರುತ್ತೇನೆ. ಮಂಗಳವಾರದ ನಿಮ್ಮ ತಲೆಬರಹ: ‘ಶೀಲ ಶಂಕಿಸಿ ಪತ್ನಿಯ ಕೊಲೆ’. ಯಾರು ಹೇಳಿದ್ದು ಇದು? ಕೊಂದವನು. ಇರಿದವನ ನೆಪವೇ ಊರಿಗೆಲ್ಲ ತಲೆಬರಹವಾಯಿತು. ಅಲ್ಲ ಅನ್ನೋಕೆ ಆ ಹೆಣ್ಣುಮಗಳು ಇಲ್ಲ. ಒಳಗೆ ಸಣ್ಣಕ್ಷರದಲ್ಲಿ ‘ಸ್ಥಳೀಯರ ಪ್ರಕಾರ’ ಅಂತ ಬೇರೆ ಬರೆದಿದ್ದೀರಿ. ಸ್ವಾಮಿ, ಸ್ಥಳೀಯ ಅಂದರೆ ನಾನು. ಹದಿನೆಂಟು ವರ್ಷದಿಂದ ಇಲ್ಲೇ ಇದ್ದೇನೆ. ನನ್ನನ್ನು ನಿಮ್ಮವರು ಯಾರೂ ಕೇಳಲಿಲ್ಲ.

ಕೇಳಿದ್ದರೆ ಹೇಳುತ್ತಿದ್ದೆ. ಆ ಹೆಣ್ಣುಮಗಳು ಎರಡು ವಾರಕ್ಕೊಮ್ಮೆ ಹಳದಿ ವೈರ್ ಬುಟ್ಟಿಯಲ್ಲಿ ಐದು ಕೇಜಿ ರಾಗಿ ತರುತ್ತಿದ್ದರು. ‘ಅಣ್ಣಾ, ಸ್ವಲ್ಪ ನುಣ್ಣಗೆ ಬರಲಿ, ಮಗೂಗೆ ಅಂಬಲಿ ಮಾಡಬೇಕು’ ಅನ್ನುತ್ತಿದ್ದರು. ಹೋದ ತಿಂಗಳು ಎಡಗೈಯಲ್ಲಿ ಬುಟ್ಟಿ ಹಿಡಿದು ಬಂದರು, ಬಲಗೈ ಊದಿಕೊಂಡಿತ್ತು. ಬಾಗಿಲಿಗೆ ಸಿಕ್ಕಿಕೊಂಡಿತು ಅಂದರು. ನಾನೂ ಹೂಂ ಅಂದುಕೊಂಡು ರಾಗಿ ಸುರಿದೆ. ಶನಿವಾರ ಕೊಟ್ಟು ಹೋದ ರಾಗಿ ಹಿಟ್ಟಾಗಿ ನನ್ನ ಅಟ್ಟಣಿಗೆ ಮೇಲೇ ಇದೆ. ಯಾರಿಗೆ ಕೊಡಲಿ?

ಇನ್ನು ಆ ಮಗು. ಎಂಟು ವರ್ಷದ ಹುಡುಗಿ. ಸ್ಕೂಲಿಂದ ನೇರ ಕರೆದುಕೊಂಡು ಬಂದಿದ್ದರು, ಬ್ಯಾಗ್ ಬೆನ್ನ ಮೇಲೇ ಇತ್ತು. ‘ಅಪ್ಪ ಏನ್ ಮಾಡಿದ್ರು ಪುಟ್ಟಾ, ಹೇಳು’ ಅಂತ ಮೈಕ್ ಹಿಡಿದರು. ಕಣ್ಣಿಗೆ ಮಾತ್ರ ಕಪ್ಪು ಪಟ್ಟಿ. ಯೂನಿಫಾರ್ಮು, ಬ್ಯಾಡ್ಜು, ಸ್ಕೂಲಿನ ಹೆಸರು ಎಲ್ಲ ಸ್ಪಷ್ಟವಾಗಿ ಕಾಣಿಸಿತು. 2015ರ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ, ಅಪರಾಧಕ್ಕೆ ಸಾಕ್ಷಿಯಾದ ಮಗುವಿನ ಹೆಸರು, ಶಾಲೆ, ವಿಳಾಸ, ಗುರುತು ಸಿಗುವಂಥದ್ದು ಏನನ್ನೂ ಪ್ರಕಟಿಸುವ ಹಾಗಿಲ್ಲ. ಆರು ತಿಂಗಳವರೆಗೆ ಜೈಲು, ಇಲ್ಲವೇ 2 ಲಕ್ಷ ರೂಪಾಯಿವರೆಗೆ ದಂಡ, ಎರಡೂ ಆಗಬಹುದು. ಮಿಲ್ ನಡೆಸುವ ನನಗೇ ಇದು ಗೊತ್ತಾಗುತ್ತದೆ ಅಂದರೆ ಎಡಿಟಿಂಗ್ ರೂಮಿನಲ್ಲಿ ಕೂತವರಿಗೆ ಗೊತ್ತಿಲ್ಲವೇ? ತಮಾಷೆ ಏನೆಂದರೆ, ಅಲ್ಲೇ ಪಕ್ಕದಲ್ಲಿ ಇಬ್ಬರು ಪೊಲೀಸರು ನಿಂತಿದ್ದರು. ಅವರೂ ಫ್ರೇಮಿಗೆ ಸರಿಯಾಗಿ ಬರುವ ಹಾಗೆ ಟೋಪಿ ಸರಿಮಾಡಿಕೊಂಡರು.

ಪೊಲೀಸರ ಮಾತು ಬಂದಿದ್ದಕ್ಕೆ ಹೇಳುತ್ತೇನೆ. ‘ತಪ್ಪೊಪ್ಪಿಕೊಂಡ ಪಾಪಿ ಪತಿ’ ಅಂತ ಒಂದೇ ದಿನದೊಳಗೆ ಎಲ್ಲ ಚಾನೆಲ್‌ನಲ್ಲೂ ಬಂತು. ಠಾಣೆ ಒಳಗೆ ಹೇಳಿದ್ದು ಹೊರಗೆ ಹೇಗೆ ಬಂತು? ‘ಮೂಲಗಳು’ ಅನ್ನುತ್ತೀರಿ. ಆ ಮೂಲ ದಿನಾ ನನ್ನ ಅಂಗಡಿ ಮುಂದೆ ಟೀ ಕುಡಿಯುತ್ತದೆ. ಪೊಲೀಸರ ಮುಂದೆ ಒಪ್ಪಿಕೊಂಡಿದ್ದು ಕೋರ್ಟಿನಲ್ಲಿ ಸಾಕ್ಷಿಯಾಗಿ ನಿಲ್ಲೋದಿಲ್ಲ ಅಂತ ನಮ್ಮ ಗಿರಾಕಿ ವಕೀಲರೊಬ್ಬರು ಹೇಳಿದರು. ಪೊಲೀಸರು ಮಾಧ್ಯಮಕ್ಕೆ ಏನು ಹೇಳಬೇಕು, ಏನು ಹೇಳಬಾರದು ಅಂತ ಒಂದು ಕೈಪಿಡಿ ಮಾಡಿ ಎಂದು ಸುಪ್ರೀಂ ಕೋರ್ಟ್ 2023ರ ಸೆಪ್ಟೆಂಬರ್‌ನಲ್ಲೇ ಕೇಂದ್ರ ಗೃಹ ಇಲಾಖೆಗೆ ಹೇಳಿತ್ತಂತೆ. ಮೂರು ತಿಂಗಳ ಗಡುವೂ ಕೊಟ್ಟಿತ್ತಂತೆ. ನಮ್ಮ ಠಾಣೆಯ ಬಾಯಿಗೆ ಮಾತ್ರ ಯಾವ ಗಡುವೂ ತಟ್ಟಿಲ್ಲ.

ಅದೇ ಬಾಯಿ ಒಂದು ವಿಷಯ ಹೇಳಲಿಲ್ಲ. ಆ ಹೆಣ್ಣುಮಗಳು ಎರಡು ತಿಂಗಳ ಹಿಂದೆ ಅದೇ ಠಾಣೆಗೆ ಹೋಗಿದ್ದರು. ಇಡೀ ಕ್ರಾಸಿಗೆ ಗೊತ್ತು. ‘ಗಂಡ ಹೆಂಡ್ತಿ ಜಗಳ ಅಲ್ವಾ, ಹೊಂದಿಕೊಂಡು ಹೋಗಮ್ಮ’ ಅಂತ ರಾಜಿ ಮಾಡಿಸಿ ಕಳಿಸಿದರು. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಪ್ರಕಾರ, ಹಾಗೆ ಬಂದವರಿಗೆ ಸಂರಕ್ಷಣಾಧಿಕಾರಿ ಇದ್ದಾರೆ, ಕೋರ್ಟಿಂದ ರಕ್ಷಣೆ ಪಡೆಯಬಹುದು ಅಂತ ತಿಳಿಸಬೇಕಾದ್ದು ಪೊಲೀಸರ ಕೆಲಸ. ತಿಳಿಸಿದರೋ ಇಲ್ಲವೋ, ಮೂರು ದಿನದಲ್ಲಿ ಒಬ್ಬ ವರದಿಗಾರನೂ ಆ ಪ್ರಶ್ನೆ ಕೇಳಿದ್ದನ್ನು ನಾನು ಕಾಣೆ. ಅದರ ಬದಲು ಗ್ರಾಫಿಕ್ಸ್‌ನಲ್ಲಿ ಚಾಕು ಮೂರು ಸಲ ಮೇಲೆ ಕೆಳಗೆ ಹೋಯಿತು, ಢಂ ಢಂ ಅಂತ ಸಂಗೀತ ಬೇರೆ. ಅಪರಾಧ ದಾಖಲೆ ಬ್ಯೂರೋ ಲೆಕ್ಕದಲ್ಲಿ 2022ರಲ್ಲಿ ದೇಶದಲ್ಲಿ ಮಹಿಳೆಯರ ಮೇಲಿನ ಅಪರಾಧದ ಪ್ರಕರಣ 4.45 ಲಕ್ಷ. ಅದರಲ್ಲಿ ಶೇ 31ಕ್ಕಿಂತ ಜಾಸ್ತಿ ಗಂಡ ಮತ್ತು ಅವನ ಮನೆಯವರ ಕ್ರೌರ್ಯದ್ದೇ. ಇಷ್ಟು ಮಾಮೂಲಿಯಾಗಿ ಹೋಗಿರುವುದಕ್ಕೆ ‘ನಿಗೂಢ ಕೊಲೆ’ ಅಂತ ಹೆಸರಿಡೋಕೆ ಧೈರ್ಯ ಬೇಕು.

ನಿಮ್ಮವರ ಚಾಳಿ ಹೊಸದೇನಲ್ಲ ಬಿಡಿ. 2024ರಲ್ಲಿ ಚಿತ್ರನಟರೊಬ್ಬರು ಆರೋಪಿಯಾಗಿದ್ದ ಕೊಲೆ ಕೇಸಿನಲ್ಲಿ, ಅವರನ್ನು ಪರಪ್ಪನ ಅಗ್ರಹಾರದಿಂದ ಬಳ್ಳಾರಿ ಜೈಲಿಗೆ ಕರೆದೊಯ್ದ ವ್ಯಾನಿನ ಹಿಂದೆ ಕ್ಯಾಮೆರಾ ಓಡಿದ್ದನ್ನು ಎಲ್ಲರೂ ನೋಡಿದ್ದೇವೆ. ಕೊನೆಗೆ ಆರೋಪಪಟ್ಟಿಯ ಒಳಗಿನದನ್ನು ಪ್ರಸಾರ ಮಾಡಬೇಡಿ ಅಂತ ಹೈಕೋರ್ಟೇ ತಡೆ ಹಾಕಬೇಕಾಯಿತು. ನಾನೂ ಆಗ ಮಿಲ್‌ನಲ್ಲಿ ಕೂತು ಬಿಡದೆ ನೋಡಿದವನೇ. ಸುಳ್ಳು ಯಾಕೆ ಹೇಳಲಿ.

ಇನ್ನು ನಮ್ಮ ವಾರ್ಡಿನ ಮಹಾಶಯರು. ಕ್ಯಾಮೆರಾ ಬಂದ ಹತ್ತು ನಿಮಿಷಕ್ಕೆ ಬಿಳಿ ಅಂಗಿ ಹಾಕಿಕೊಂಡು ಬಂದರು. ‘ಇಡೀ ಬಡಾವಣೆ ಬೆಚ್ಚಿಬಿದ್ದಿದೆ’ ಅಂದರು. ನಾಲ್ಕನೇ ಕ್ರಾಸಿನ ಬೀದಿದೀಪ ಕೆಟ್ಟು ಏಳು ತಿಂಗಳಾಯಿತು, ಅದಕ್ಕೆ ಮಾತ್ರ ಅವರು ಬೆಚ್ಚಿಬಿದ್ದಿಲ್ಲ. ನಾನು ಮೂರು ಅರ್ಜಿ ಕೊಟ್ಟಿದ್ದೇನೆ. ಒಂದಕ್ಕೆ ‘ಪರಿಶೀಲನೆಯಲ್ಲಿದೆ’ ಅಂತ ಉತ್ತರ ಬಂತು, ಅದೂ ಪಕ್ಕದ ವಾರ್ಡಿನ ಹೆಸರಲ್ಲಿ. ಟ್ರೇಡ್ ಲೈಸೆನ್ಸ್ ರಿನೀವಲ್‌ಗೆ ಹೋದರೆ ಮಾತ್ರ ಅದೇ ಕಚೇರಿಯವರಿಗೆ ನನ್ನ ಮಿಲ್ಲಿನ ಒಂದೊಂದು ಅಡಿಯೂ ಕಾಣಿಸುತ್ತದೆ. ಏಳು ತಿಂಗಳಲ್ಲಿ ನಮ್ಮ ಬೀದಿ ರಾತ್ರಿ ಹೊತ್ತು ಬೆಳಕು ಕಂಡಿದ್ದು ಈ ಮೂರು ದಿನ, ಟಿವಿಯವರ ಲೈಟಿನಲ್ಲಿ. ನಿನ್ನೆ ಇನ್ನೊಂದು ಊರಿನಲ್ಲಿ ಏನೋ ಆಯಿತಂತೆ. ವ್ಯಾನುಗಳೆಲ್ಲ ಅಲ್ಲಿಗೆ ಹೋದವು. ಟೀ ಕಪ್ಪುಗಳ ರಾಶಿ ಇಲ್ಲೇ ಬಿಟ್ಟಿದ್ದಾರೆ, ಮೋರಿ ಕಟ್ಟಿಕೊಂಡಿದೆ.

ಆದ್ದರಿಂದ ಸಂಬಂಧಪಟ್ಟವರು ಕೂಡಲೇ ಗಮನ ಹರಿಸಬೇಕು. ಯಾರು ಸಂಬಂಧಪಟ್ಟವರು ಅಂತ ನನ್ನನ್ನು ಕೇಳಬೇಡಿ. ಒಂದೋ ಪಾಲಿಕೆಯವರು ದೀಪ ಹಾಕಿಸಲಿ, ಇಲ್ಲಾ ಟಿವಿಯವರು ಒಂದು ಲೈಟ್ ಆದರೂ ಇಲ್ಲೇ ಬಿಟ್ಟು ಹೋಗಲಿ. ಆ ಠಾಣೆಯಲ್ಲಿ ರಾಜಿ ಮಾಡಿಸಿದವರ ಹೆಸರನ್ನೂ ಒಂದು ದಿನ ತಲೆಬರಹದಲ್ಲಿ ಹಾಕಿ, ನೋಡೋಣ. ಮೋರಿಯನ್ನೂ ಯಾರಾದರೂ ಬಂದು ಬಿಡಿಸಲಿ.

ಇಂತಿ,
ನಾಲ್ಕನೇ ಕ್ರಾಸಿನ ಮಿಲ್‌ನವನು
(ಹೆಸರು ಹಾಕಬೇಡಿ. ನಂಬರ್ ಅಂತೂ ಆಗಲೇ ಊರಿಗೆಲ್ಲ ಗೊತ್ತಾಗಿದೆ.)