18 ತುಂಬಿದ ಮೇಲೆ ಈ ಮಕ್ಕಳು ಎಲ್ಲಿಗೆ ಹೋಗ್ಬೇಕು?

ಮಾನ್ಯ ಸಂಪಾದಕರೇ,

ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ತಕ್ಷಣ ಪೇಪರ್ ತುಂಬಾ ಮುಂದೇನು ಓದ್ಬೇಕು, ಯಾವ ಕೋರ್ಸ್ ಒಳ್ಳೇದು ಅಂತ ಬರುತ್ತೆ, ಅದೇ ಕ್ಲಾಸಲ್ಲಿ ಕೂತಿದ್ದ ಅಂಗವಿಕಲ ಮಕ್ಕಳು ಮುಂದೇನು ಮಾಡ್ಬೇಕು ಅಂತ ಯಾರೂ ಬರೆಯಲ್ಲ, ಅದಕ್ಕೇ ಈ ಪತ್ರ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೇಲಿ 40 ಪರ್ಸೆಂಟ್ ಅಥವಾ ಅದಕ್ಕಿಂತ ಜಾಸ್ತಿ ವೈಕಲ್ಯ ಇರೋ ಮಕ್ಕಳಿಗೆ 6ರಿಂದ 18 ವರ್ಷದ ತನಕ ಉಚಿತ ಶಿಕ್ಷಣದ ಹಕ್ಕಿದೆ. ಸ್ಕೂಲಿಗೆ ಬರಕ್ಕೇ ಆಗದೋರ ಮನೆಗೆ ಟೀಚರ್ ಹೋಗಿ ಪಾಠ ಮಾಡ್ತಾರೆ, ನಮ್ಮ ಹೊಸನಗರ ಕಡೆ ಜುಲೈ ಮಳೇಲಿ ತೋಟದ ದಾರಿ ಇಳ್ಕೊಂಡು ಹಳ್ಳದ ಮೇಲಿನ ಕಾಲುಸಂಕ ದಾಟಿ ಬರ್ತಾರೆ, ಅವರಿಗೆ ಕೈ ಮುಗೀಬೇಕು. ಆದ್ರೆ 18 ಆಗ್ತಿದ್ದಂಗೆ ಎಲ್ಲಾ ನಿಂತೋಗುತ್ತೆ. ಆಮೇಲೆ ಜಗಲಿ, ಟಿವಿ, ಅಷ್ಟೇ.

ನಮ್ಮ ಅಕ್ಕನ ಮಗನಿಗೆ ಈಗ 20, ಬುದ್ಧಿ ಬೆಳವಣಿಗೆ ನಿಧಾನ. ಒಣಗಿದ ಅಡಿಕೆ ಮುಂದೆ ಕೂತ್ರೆ ಗೊರಬಲು, ಬೆಟ್ಟೆ, ಸರಕು ಅಂತ ದರ್ಜೆ ನೋಡಿ ಬೇರೆ ಬೇರೆ ಮಾಡ್ತಾನೆ, ಡೌಟ್ ಬಂದಿದ್ದನ್ನ ಎರಡು ಬೆರಳಲ್ಲಿ ತಿರುಗಿಸಿ ಬೆಳಕಿಗೆ ಹಿಡಿದು ನೋಡಿನೇ ಬುಟ್ಟಿಗೆ ಹಾಕೋದು. ಪಕ್ಕದಲ್ಲಿ ಅದೇ ಕೆಲಸ ಮಾಡೋರಿಗೆ ಸಂಜೆ ಕೂಲಿ ಸಿಗುತ್ತೆ, ಇವನಿಗೆ ಕಾಫಿ ತಿಂಡಿ. ಕೇಳಿದ್ರೆ "ಅವನಿಗ್ಯಾಕೆ ದುಡ್ಡು, ಮನೇಲಿ ನೋಡ್ಕೊಳ್ತಾರಲ್ಲ" ಅಂತಾರೆ. ಅವನಿಗೆ ಏನು ಬೇಕು ಅಂತ ಕೇಳಿದೋರು ಯಾರೂ ಇಲ್ಲ. ಅವನು ಸಾಗರ ಪೇಟೆಗೆ ಒಬ್ಬನೇ ಬಸ್ಸಲ್ಲಿ ಹೋಗಿ ತನ್ನ ದುಡ್ಡಲ್ಲೇ ಮೊಬೈಲ್ ತರ್ಬೇಕು ಅಂತಿದಾನೆ.

ಬಸ್ ಅಂದ್ರೆ ಅದೂ ಒಂದು ಕಷ್ಟ, ರಿಯಾಯಿತಿ ಪಾಸ್ ನಡೆಯೋದು ಸರ್ಕಾರಿ ಬಸ್ಸಲ್ಲಿ, ನಮ್ಮ ಊರುಗಳಿಗೆ ಬರೋದು ಪ್ರೈವೇಟ್ ಬಸ್ಸು.

ಇನ್ನೊಂದು ವಿಷ್ಯ ಸುಮಾರು ತಂದೆ ತಾಯಿಗೆ ಗೊತ್ತೇ ಇಲ್ಲ. ಮಗನಿಗೆ 18 ಆದ್ಮೇಲೆ ಅಪ್ಪ ಅಮ್ಮ ತಾವಾಗೇ ಕಾನೂನಿನ ಪ್ರಕಾರ ಗಾರ್ಡಿಯನ್ ಆಗಿ ಉಳಿಯಲ್ಲ, ಬ್ಯಾಂಕಲ್ಲಿ ಸೈನ್ ಕೇಳಿದಾಗ್ಲೇ ಗಾಬರಿ ಆಗೋದು. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ, ಬಹುವಿಕಲತೆ ಇರೋರಿಗೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಪ್ರಕಾರ ಡಿಸಿ ಇರೋ ಜಿಲ್ಲಾ ಸಮಿತಿಗೆ ಅರ್ಜಿ ಹಾಕಿ ಗಾರ್ಡಿಯನ್ ಮಾಡಿಸ್ಕೋಬಹುದು. ಹಂಗಂತ ಎಲ್ಲರಿಗೂ ಗಾರ್ಡಿಯನ್ ಬೇಕಿಲ್ಲ, ಕಣ್ಣು ಕಾಣದ ಹುಡುಗಿಗೋ ವೀಲ್‌ಚೇರ್ ಹುಡುಗನಿಗೋ ತಮ್ಮ ನಿರ್ಧಾರ ತಾವೇ ತಗೊಳ್ಳೋ ಶಕ್ತಿ ಇದ್ದೇ ಇರುತ್ತೆ, ಅವರ ಪರವಾಗಿ ನಾವು ಮಾತಾಡೋದು ಬಿಡ್ಬೇಕು.

ಅಂಗವಿಕಲರಿಗೆ ಸರ್ಕಾರಿ ಕೆಲಸದಲ್ಲಿ ಕನಿಷ್ಠ 4 ಪರ್ಸೆಂಟ್ ಮೀಸಲು, ಸರ್ಕಾರಿ ಕಾಲೇಜಲ್ಲಿ ಕನಿಷ್ಠ 5 ಪರ್ಸೆಂಟ್ ಸೀಟು, ಅಡ್ಮಿಷನ್‌ಗೆ ವಯಸ್ಸಲ್ಲೂ 5 ವರ್ಷ ಸಡಿಲ ಇದೆ. ಆದ್ರೆ ಇದನ್ನ 18 ತುಂಬಿದ ಮೇಲೆ ಹೇಳಿದ್ರೆ ಏನು ಪ್ರಯೋಜನ, ಅಷ್ಟೊತ್ತಿಗೆ ಎಷ್ಟೋ ಮಕ್ಕಳು ಓದು ಬಿಟ್ಟಾಗಿರುತ್ತೆ. 9ನೇ ಕ್ಲಾಸಿಗೆ ಬಂದಾಗ್ಲೇ ಟೀಚರ್, ಪಂಚಾಯ್ತಿ ವಿಆರ್‌ಡಬ್ಲ್ಯು (ಅಂಗವಿಕಲರಿಗಾಗಿ ಇರೋ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು), ತಂದೆ ತಾಯಿ ಒಂದು ಕಡೆ ಕೂರ್ಲಿ, ಮಗುವನ್ನೂ ಕೂರಿಸ್ಕೊಂಡು ಮೊದ್ಲು ಅದರ ಮಾತು ಕೇಳ್ಲಿ, ಆಮೇಲೆ ಓದೋ, ಕೆಲಸ ಕಲಿಯೋದೋ, ಬಸ್ ಹತ್ತಿ ಇಳಿಯೋದು ಅಭ್ಯಾಸ ಮಾಡ್ಸೋದೋ, ಏನು ಬೇಕೋ ಬರ್ಕೊಳ್ಳಿ. ಗ್ರಾಮ ಪಂಚಾಯ್ತಿ ಸ್ವಂತ ಆದಾಯದಲ್ಲಿ ಅಂಗವಿಕಲರಿಗೆ ಅಂತ 5 ಪರ್ಸೆಂಟ್ ಇದ್ದೇ ಇದೆ, ಅದರಲ್ಲೇ ಶುರು ಮಾಡ್ಬಹುದು. ಜಿಲ್ಲಾಡಳಿತ ಈ ವರ್ಷ ತಾಲ್ಲೂಕಿಗೆ ಒಂದೊಂದು ಪಂಚಾಯ್ತೀಲಾದ್ರೂ ಇದನ್ನ ಮಾಡ್ಲಿ ಅಂತ ಕೇಳ್ಕೊಳ್ತೀನಿ.

ಇಂತಿ,
ನಿಮ್ಮ ಓದುಗ, ಹೊಸನಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ