ನಾದಿನಿಗೊಂದು ಥ್ಯಾಂಕ್ಸ್, ತಡವಾಗಿ

ನಿನ್ನೆಗೆ ಪ್ರೊಬೇಷನ್ ಮುಗಿಯಿತು. ಕೆಲಸ ಕಾಯಂ ಅಂತ ಮೇಲ್ ಬಂತು. ಒಂಬತ್ತು ವರ್ಷ ಮಕ್ಕಳ ಜೊತೆ ಮನೆಯಲ್ಲಿದ್ದು, ಮತ್ತೆ ಕೊರಳಿಗೆ ಐಡಿ ಕಾರ್ಡ್ ಹಾಕಿಕೊಂಡ ಕಥೆ ನಿಮಗೆಲ್ಲ ಗೊತ್ತೇ ಇದೆ. ಎಷ್ಟು ಕಡೆ ಅರ್ಜಿ ಹಾಕಿದೆ, ಎಷ್ಟು ಜನ 'ತಿಳಿಸ್ತೀವಿ' ಅಂದರು, ಅದೆಲ್ಲ ಮತ್ತೆ ಬೇಡ.

ರೆಸ್ಯೂಮೆಯಲ್ಲಿ ಆ ಒಂಬತ್ತು ವರ್ಷವನ್ನು ಹೇಗೆ ಮುಚ್ಚಿಡಲಿ ಅಂತ ಒದ್ದಾಡುತ್ತಿದ್ದಾಗ, 'ಮುಚ್ಚಬೇಡ, ಬರಿ. ಲಿಂಕ್ಡ್‌ಇನ್‌ನವರೇ 2022ರಲ್ಲಿ ಕೆರಿಯರ್ ಬ್ರೇಕ್ ಅಂತ ಹಾಕೋಕೆ ಜಾಗ ಕೊಟ್ಟಿದ್ದಾರೆ' ಎಂದ ಹಳೇ ಸಹೋದ್ಯೋಗಿಗೆ, ಫೋನಿನಲ್ಲೇ ಸುಳ್ಳು ಸುಳ್ಳು ಇಂಟರ್‌ವ್ಯೂ ಮಾಡಿದ ತಂಗಿಗೆ, ಬೆಳಗಿನ ಗಡಿಬಿಡಿಯನ್ನು ಸದ್ದಿಲ್ಲದೆ ವಹಿಸಿಕೊಂಡ ಗಂಡನಿಗೆ (ಮೊದಲೆರಡು ವಾರ ಸದ್ದು ಇತ್ತು, ಇರಲಿ) ಥ್ಯಾಂಕ್ಸ್.

ಆದರೆ ಇದನ್ನು ಬರೆಯೋಕೆ ಕೂತಿದ್ದು ನನ್ನ ನಾದಿನಿಗಾಗಿ.

ನಮ್ಮಿಬ್ಬರದು ಅಷ್ಟಕ್ಕಷ್ಟೇ, ಸುಳ್ಳು ಯಾಕೆ ಹೇಳಲಿ. 'ಮಕ್ಕಳು ಇನ್ನೂ ಚಿಕ್ಕವು ಅಲ್ವಾ' ಅಂತ ಮೊದಲು ರಾಗ ಎಳೆದವಳೂ ಅವಳೇ. ಕೆಲಸಕ್ಕೆ ಸೇರಿದ ಮೂರನೇ ವಾರದ ಆ ಗುರುವಾರ ರಾತ್ರಿ ಏನೋ ಕೊಟ್ಟು ಹೋಗೋಕೆ ಬಂದಿದ್ದಳು. ಬಾಗಿಲು ತೆಗೆದ ನನ್ನ ಮುಖ ನೋಡಿ ಒಳಗೆ ಬಂದು ಬ್ಯಾಗ್ ಕೆಳಗಿಟ್ಟಳು.

ನಾನು ಕಳಿಸಿದ್ದ ಶೀಟ್‌ನಲ್ಲಿ ಅಂಕಿಗಳು ತಪ್ಪಿದ್ದವು. ಎಕ್ಸೆಲ್‌ನಲ್ಲಿ ಒಂದು ಪಟ್ಟಿಯಿಂದ ಬೇಕಾದ ಅಂಕಿ ಹುಡುಕಿ ತರುವ ವಿಲುಕಪ್ ಸೂತ್ರದ ಕೊನೆಗೆ ಒಂದು 'ಫಾಲ್ಸ್' ಹಾಕುವುದು ಮರೆತರೆ, ಎಷ್ಟೋ ಸಲ ಅದು ಎರರ್ ಕೂಡ ತೋರಿಸುವುದಿಲ್ಲ. ಯಾವುದೋ ಬೇರೆ ಸಾಲಿನ ಅಂಕಿಯನ್ನು ಸುಮ್ನೆ ತಂದು ಕೂರಿಸುತ್ತದೆ. ಹಿಂದೆ ನಿದ್ದೆಗಣ್ಣಲ್ಲೂ ಹಾಕುತ್ತಿದ್ದೆ ಅದನ್ನು. ಈಗಿನವರು ಬಳಸುವ ಎಕ್ಸ್‌ಲುಕಪ್‌ನಲ್ಲಿ ಈ ಕಾಟವೇ ಇಲ್ಲ. ಅಂಥದ್ದೊಂದು ಬಂದಿದೆ ಅಂತಲೇ ನನಗೆ ಗೊತ್ತಿರಲಿಲ್ಲ. ಮೀಟಿಂಗ್‌ನಲ್ಲಿ ಯಾರೂ ಬೈಯಲಿಲ್ಲ. ನನಗಿಂತ ಹತ್ತು ವರ್ಷ ಚಿಕ್ಕ ಹುಡುಗ 'ಪರವಾಗಿಲ್ಲ, ನಾನೇ ಮಾಡ್ತೀನಿ ಬಿಡಿ' ಅಂದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ.

ರಾಜೀನಾಮೆ ಟೈಪ್ ಮಾಡಿಟ್ಟಿದ್ದೆ. ಅವಳು ಪೂರ್ತಿ ಓದಿದಳು. 'ಕಾಗುಣಿತ ಸರಿ ಇದೆ. ನಾಳೆ ಕಳಿಸು. ಈಗ ಆ ಲೆಕ್ಕ ತೆಗಿ' ಅಂದಳು.

ಸೂತ್ರ ಸರಿಮಾಡಲು ಒಂದು ನಿಮಿಷ ಸಾಕಿತ್ತು. ಆದರೆ ನನ್ನ ಮೇಲೆ ನನಗೇ ನಂಬಿಕೆ ಹೋಗಿತ್ತು. 412 ಸಾಲು. ಎಕ್ಸೆಲ್‌ನ ಗಂಧಗಾಳಿ ಇಲ್ಲದ ಅವಳು ಮಗಳ ಸ್ಕೇಲ್ ಹಿಡಿದು, ಮೂಲ ಪಟ್ಟಿಯ ಪ್ರಿಂಟ್‌ನಿಂದ ಒಂದೊಂದೇ ಅಂಕಿ ಓದಿದಳು. ನಾನು ಸ್ಕ್ರೀನ್ ನೋಡಿ 'ಹೂಂ' ಅನ್ನುತ್ತಾ ಹೋದೆ. ಅರ್ಧ ದಾರಿಯಲ್ಲಿ ಅಳು ಬಂತು. 'ಮನೇಲಿ ನಾನು ಯಾರೂ ಅಲ್ಲ, ಅಲ್ಲೂ ಯಾರೂ ಅಲ್ಲ' ಅಂದೆ. ಅವಳು ಸಮಾಧಾನ ಮಾಡಲಿಲ್ಲ. ಸ್ಕೇಲನ್ನು ಅದೇ ಸಾಲಿನ ಮೇಲಿಟ್ಟುಕೊಂಡು ಸುಮ್ಮನೆ ಕೂತಳು. ನನ್ನ ಅಳು ನಿಂತ ಮೇಲೆ, 'ಇನ್ನೂರ ಏಳು' ಅಂತ ಮತ್ತೆ ಶುರು ಮಾಡಿದಳು.

ಮುಗಿದಾಗ ಮೂರೂವರೆ. ಒಂದೂ ತಪ್ಪಿರಲಿಲ್ಲ.

ಅವಳೂ ಒಂದು ಕಾಲದಲ್ಲಿ ಕೆಲಸ ಬಿಟ್ಟವಳು. ಮತ್ತೆ ಹೋಗಲಿಲ್ಲ. ಯಾಕೆ ಅಂತ ಇಷ್ಟು ವರ್ಷದಲ್ಲಿ ನಾನು ಕೇಳಿಯೇ ಇರಲಿಲ್ಲ. ಈಗ ಕೇಳಿದ್ದೇನೆ. ಅವಳು ಹೇಳಿದ್ದು ನಮ್ಮಿಬ್ಬರಲ್ಲೇ ಇರಲಿ.

ಆ ರಾಜೀನಾಮೆ ಡ್ರಾಫ್ಟ್‌ನಲ್ಲೇ ಬಿದ್ದಿತ್ತು. ನಿನ್ನೆ ಅಳಿಸುವ ಮುಂಚೆ ಇನ್ನೊಮ್ಮೆ ಓದಿದೆ. ಕಾಗುಣಿತ ಸರಿಯಾಗಿಯೇ ಇತ್ತು.