ಧ್ಯಾನದ ಜೊತೆಗೆ ಎರಡು ತಾಸಿನ ಗಡಿಯಾರವೂ ಇರಲಿ

ಮಾನ್ಯ ಸಂಪಾದಕರೇ,

ಅಡಿಕೆ ಮರದಿಂದ ಬಿದ್ದು ಇಲ್ಲವೇ ಬೈಕ್ ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾಗಿ, ಬದುಕುವುದೇ ಕಷ್ಟ ಎನಿಸಿಕೊಂಡವರು ಧೈರ್ಯ ಮತ್ತು ಧ್ಯಾನದ ಬಲದಿಂದ ಎದ್ದು ಓಡಾಡಿದ ಸುದ್ದಿಗಳು ಪತ್ರಿಕೆಗಳಲ್ಲಿ ಆಗಾಗ ಬರುತ್ತವೆ. ಬರಬೇಕು ಕೂಡ. ಹಾಸಿಗೆ ಹಿಡಿದವರಿಗೆ ಅಂಥ ಒಂದು ಪುಟ ಎಷ್ಟು ದೊಡ್ಡ ಆಸರೆ ಎಂಬುದು ನಮಗೆ ಗೊತ್ತು. ಆದರೆ ಪೆಟ್ಟು ಬಿದ್ದದ್ದು ಎಲ್ಲಿ, ಹುರಿ ಪೂರ್ತಿ ಹೋಗಿತ್ತೇ, ರಾತ್ರಿ ಮಗ್ಗುಲು ಬದಲಿಸಿದವರು ಯಾರು, ಮೂತ್ರ ತೆಗೆಯುತ್ತಿದ್ದುದು ಹೇಗೆ ಎಂಬುದೊಂದೂ ಆ ಬರಹಗಳಲ್ಲಿ ಇರುವುದಿಲ್ಲ. ಬೆನ್ನುಹುರಿ ಪೆಟ್ಟಿನವರ ಪುನರ್ವಸತಿಯಲ್ಲಿ ಕೆಲಸ ಮಾಡುವ ನಮಗೆ ಇದು ಸಣ್ಣ ಕೊರತೆಯಾಗಿ ಕಾಣುವುದಿಲ್ಲ.

ಪೆಟ್ಟಾದ ಕೂಡಲೇ ಹುರಿ ಸ್ತಬ್ಧವಾಗುತ್ತದೆ. ಕಾಲು ಪೂರ್ತಿ ಸಡಿಲ. ಮೊಣಕಾಲಿಗೆ ಸುತ್ತಿಗೆ ತಟ್ಟಿದರೂ ಅಲುಗುವುದಿಲ್ಲ. ಸ್ಪೈನಲ್ ಶಾಕ್ ಎನ್ನುವ ಈ ಸ್ಥಿತಿ ಕೆಲವು ದಿನ ಇರಬಹುದು, ಕೆಲವು ವಾರವೂ ಇರಬಹುದು. ಅದು ಇಳಿಯುವವರೆಗೆ ಇನ್ನು ನಡೆಯುವುದಿಲ್ಲ ಎಂದಾಗಲೀ ನಡೆದೇ ನಡೆಯುತ್ತಾರೆ ಎಂದಾಗಲೀ ಹೇಳುವಂತಿಲ್ಲ. ಸೂಜಿಮೊನೆ ಮತ್ತು ಹತ್ತಿಯ ಎಳೆಯಿಂದ ಮೈಯೆಲ್ಲ ಪರೀಕ್ಷಿಸಿ ವೈದ್ಯರು ಎ ಯಿಂದ ಇ ವರೆಗಿನ ದರ್ಜೆ ಬರೆಯುತ್ತಾರೆ. ಗುದದ್ವಾರದ ಸುತ್ತ ಮುಟ್ಟಿದ್ದು ತಿಳಿಯುತ್ತದೆಯೇ, ಒಳಗೆ ಒತ್ತಿದ್ದು ತಿಳಿಯುತ್ತದೆಯೇ, ಅಲ್ಲಿಯ ಸ್ನಾಯುವನ್ನು ಬೇಕೆಂದಾಗ ಬಿಗಿಹಿಡಿಯಲು ಆಗುತ್ತದೆಯೇ ಎಂಬುದು ಅದರಲ್ಲಿ ಮುಖ್ಯ. ಯಾವುದೂ ಇಲ್ಲದಿದ್ದರೆ ಎ, ಅಂದರೆ ಪೂರ್ಣ ಪೆಟ್ಟು. ಅಲ್ಪಸ್ವಲ್ಪವಾದರೂ ಉಳಿದಿದ್ದರೆ ಅಪೂರ್ಣ. ಅಪೂರ್ಣ ಪೆಟ್ಟಿನವರಲ್ಲಿ ಶಕ್ತಿ ಹೆಚ್ಚಾಗಿ ಮರಳುವುದು ಮೊದಲ 3ರಿಂದ 6 ತಿಂಗಳಲ್ಲಿ. ಆಮೇಲೂ ನಿಧಾನವಾಗಿ ಮುಂದುವರಿಯುತ್ತದೆ. ಅವರು ಎದ್ದು ನಡೆದಾಗ ಧ್ಯಾನಕ್ಕೆ ಪೂರ್ತಿ ಶ್ರೇಯ ಸಿಗುತ್ತದೆ. ಅವರ ಶ್ರಮ ಸುಳ್ಳಲ್ಲ. ಆದರೆ ಅದೇ ಸುದ್ದಿಯನ್ನು ಎ ದರ್ಜೆಯ ಪೆಟ್ಟಿನ ಹುಡುಗನ ಮನೆಯವರು ಓದಿ, ‘ನಿನಗೇ ಧೈರ್ಯ ಸಾಲದು, ಮನಸ್ಸಿಟ್ಟು ಮಾಡುತ್ತಿಲ್ಲ’ ಎಂದುಬಿಡುತ್ತಾರೆ. ಕಾಲಿನ ಶಕ್ತಿ ಕಳೆದುಕೊಂಡವನ ಮೇಲೆ ಇದೊಂದು ಅಪವಾದವೂ ಬೀಳುತ್ತದೆ. ಕಡಿದ ಹುರಿ ಧ್ಯಾನದಿಂದ ಕೂಡಿಕೊಳ್ಳುವುದಿಲ್ಲ. ನೋವನ್ನು ತಾಳುವುದು, ನಿದ್ದೆ, ಭಯ, ಸಿಟ್ಟು, ದಿನಚರಿಯನ್ನು ಬಿಡದೆ ನಡೆಸುವ ಮನಸ್ಸು, ಇವುಗಳಲ್ಲಿ ಅದು ಕೈಹಿಡಿಯುತ್ತದೆ. ಅದೇನು ಕಡಿಮೆಯಲ್ಲ.

ವೆಲ್ಲೂರಿನ ಡಾ. ಮೇರಿ ವರ್ಗೀಸ್ ಅವರನ್ನು ಇಲ್ಲಿ ನೆನೆಯಬೇಕು. 1954ರ ವಾಹನ ಅಪಘಾತದ ನಂತರ ಅವರ ಕಾಲುಗಳಿಗೆ ಶಕ್ತಿ ಮರಳಲಿಲ್ಲ. ಗಾಲಿಕುರ್ಚಿಯಲ್ಲಿ ಕುಳಿತೇ ಕುಷ್ಠರೋಗಿಗಳ ಕೈಗಳ ಶಸ್ತ್ರಚಿಕಿತ್ಸೆ ಮಾಡಿದರು, ಪುನರ್ವಸತಿ ವೈದ್ಯಶಾಸ್ತ್ರ ಕಲಿಯಲು ನ್ಯೂಯಾರ್ಕ್‌ಗೆ ಹೋದರು, 1966ರಲ್ಲಿ ವೆಲ್ಲೂರಿನಲ್ಲಿ ಪುನರ್ವಸತಿ ಕೇಂದ್ರ ಶುರುವಾಗಲು ಕಾರಣರಾದರು. 1972ರಲ್ಲಿ ಪದ್ಮಶ್ರೀ ಬಂತು. ಎದ್ದು ನಡೆದವರನ್ನಷ್ಟೇ ಚೇತರಿಸಿಕೊಂಡವರೆಂದು ಎಣಿಸಿದರೆ ಇವರನ್ನು ಆ ಪಟ್ಟಿಯಿಂದ ಕೈಬಿಡಬೇಕಾಗುತ್ತದೆ.

ಧೈರ್ಯ ದಿನವೂ ಬೇಕಾಗುವುದು ಚರ್ಮದ ಆರೈಕೆಯಲ್ಲಿ. ಸ್ಪರ್ಶವಿಲ್ಲದ ಮೈ ತಾನಾಗಿ ಹೊರಳುವುದಿಲ್ಲ. ಮೂಳೆ ಮತ್ತು ಹಾಸಿಗೆಯ ನಡುವೆ ಸಿಕ್ಕಿದ ಮಾಂಸಕ್ಕೆ ರಕ್ತ ಹೋಗದೆ ಅದು ಒಳಗಿನಿಂದಲೇ ಕೊಳೆಯತೊಡಗುತ್ತದೆ. ಆದ್ದರಿಂದ 2 ತಾಸಿಗೊಮ್ಮೆ, ರಾತ್ರಿಯೂ, ಮಗ್ಗುಲು ಬದಲಿಸಬೇಕು. ಪೂರ್ತಿ ಒಂದು ಪಕ್ಕಕ್ಕೆ ಮಲಗಿಸಿದರೆ ಸೊಂಟದ ಮೂಳೆಯ ಮೇಲೆ ಭಾರ ಬೀಳುತ್ತದೆ. ಬೆನ್ನಿಗೆ ದಿಂಬು ಕೊಟ್ಟು 30 ಡಿಗ್ರಿಯಷ್ಟು ಮಾತ್ರ ವಾಲಿಸಬೇಕು. ಮೀನಖಂಡದ ಕೆಳಗೆ ದಿಂಬಿಟ್ಟು ಹಿಮ್ಮಡಿಯನ್ನು ಹಾಸಿಗೆಯಿಂದ ಎತ್ತಿಡಬೇಕು. ಬೆಳಿಗ್ಗೆ, ಸಂಜೆ ಕನ್ನಡಿ ಹಿಡಿದು ಬಾಲಮೂಳೆ, ಪೃಷ್ಠ, ಹಿಮ್ಮಡಿ ನೋಡಬೇಕು. ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಿದಾಗ ಬಿಳುಪಾಗದಿದ್ದರೆ ಹುಣ್ಣು ಶುರುವಾಗಿದೆ ಎಂದೇ ಅರ್ಥ. ಅಲ್ಲಿ ಎಣ್ಣೆ ಹಾಕಿ ತಿಕ್ಕಬಾರದು. ಬಣ್ಣ ಮಾಮೂಲಿಗೆ ಬರುವವರೆಗೆ ಅದರ ಮೇಲೆ ಭಾರ ಹಾಕಲೇಬಾರದು. ಗಾಳಿ ತುಂಬಿದ ರಬ್ಬರ್ ಬಳೆಯ ಮೇಲೆ ಕೂರಿಸುವುದು ಎಲ್ಲ ಊರಲ್ಲೂ ಇದೆ. ಅದರ ಅಂಚು ಸುತ್ತಲಿನ ರಕ್ತವನ್ನು ತಡೆದು ನಡುವಿನ ಜಾಗವನ್ನೇ ಕೆಡಿಸುತ್ತದೆ.

ಧ್ಯಾನದ ಹೆಸರಿನಲ್ಲಿ ಆಗುವ ಹಾನಿಯೂ ಹೆಚ್ಚಾಗಿ ಚರ್ಮದ ಮೇಲೆಯೇ. ಪದ್ಮಾಸನ ಹಾಕಿ ಮಣೆಯ ಮೇಲೆ ಒಂದು ತಾಸು ಕೂತರೆ ಪೃಷ್ಠದಲ್ಲೂ ಕಾಲಗಂಟಿನಲ್ಲೂ ಹುಣ್ಣೇಳುತ್ತದೆ. ಕೂತವರಿಗೆ ಅದು ಗೊತ್ತೇ ಆಗುವುದಿಲ್ಲ. ಬೆನ್ನಿಗೆ ರಾಡು, ಸ್ಕ್ರೂ ಹಾಕಿಸಿಕೊಂಡವರು ಶಸ್ತ್ರವೈದ್ಯರು ಒಪ್ಪುವವರೆಗೆ ಸೊಂಟ ಬಾಗಿಸುವ, ತಿರುಚುವ ಯಾವ ಆಸನವನ್ನೂ ಮಾಡಬಾರದು. ಗಾಲಿಕುರ್ಚಿಯಲ್ಲೇ ಒಳ್ಳೆಯ ಕುಶನ್ ಹಾಕಿ, ಪಾದಗಳನ್ನು ಪಾದಪೀಠದ ಮೇಲಿಟ್ಟು ಕುಳಿತರೆ ಸಾಕು. 15 ನಿಮಿಷಕ್ಕೆ ಮೊಬೈಲಿನಲ್ಲಿ ಗಂಟೆ ಇಟ್ಟುಕೊಂಡು, ಅದು ಬಡಿದಾಗ ಮುಂದಕ್ಕೆ ಬಾಗಿ ಎದೆಯನ್ನು ತೊಡೆಯತ್ತ ತಂದು 2 ನಿಮಿಷ ಹಾಗೇ ಇರಬೇಕು, ಇಲ್ಲವೇ ಒಂದೊಂದೇ ಪಕ್ಕಕ್ಕೆ ವಾಲಬೇಕು. ಈ ಬಾಗುವಿಕೆಯನ್ನೇ ಧ್ಯಾನದ ಭಾಗ ಮಾಡಿಕೊಂಡವರು ಅದನ್ನು ಮರೆಯುವುದಿಲ್ಲ. ಅಗರಬತ್ತಿ, ದೀಪ ಕಾಲಿನ ಹತ್ತಿರ ಬೇಡ.

ಉಸಿರಿನ ವಿಷಯದಲ್ಲಿ ಕುತ್ತಿಗೆ ಪೆಟ್ಟಿನವರಿಗೆ ಬೇರೆಯೇ ಲೆಕ್ಕ. ಎದೆ ಮತ್ತು ಹೊಟ್ಟೆಯ ನಡುವಿನ ಉಸಿರಾಟದ ಸ್ನಾಯುವಾದ ವಪೆಯನ್ನು ನಡೆಸುವ ನರ ಕುತ್ತಿಗೆಯ 3ರಿಂದ 5ನೇ ಹಂತದಿಂದ ಬರುತ್ತದೆ. ಅದು ಉಳಿದಿದ್ದರೂ ಹೊಟ್ಟೆ ಮತ್ತು ಪಕ್ಕೆಲುಬಿನ ಸ್ನಾಯುಗಳು ಸೋತಿರುವುದರಿಂದ ಕೆಮ್ಮಲು ಬಲವಿರುವುದಿಲ್ಲ. ಹೊಟ್ಟೆಯ ಸ್ನಾಯುವನ್ನೇ ನಂಬಿದ ಕಪಾಲಭಾತಿ, ಭಸ್ತ್ರಿಕಾ ಅವರಿಗೆ ಹೇಳಿದ್ದಲ್ಲ. ಉಸಿರು ಬಿಗಿಹಿಡಿಯುವ ಕುಂಭಕ ರಕ್ತದೊತ್ತಡ ಏರುಪೇರಾಗುವವರಿಗೂ ತಲೆಗೆ ಪೆಟ್ಟಾದವರಿಗೂ ಬೇಡ. ಕುತ್ತಿಗೆ ಪೆಟ್ಟಿನವರಿಗೆ ಕುಳಿತಿದ್ದಕ್ಕಿಂತ ಮಲಗಿದಾಗ ಉಸಿರಾಟ ಸಲೀಸು. ಮೂರು ಚೆಂಡಿನ ಸ್ಪೈರೋಮೀಟರ್‌ನಲ್ಲಿ ಎಚ್ಚರವಿದ್ದಾಗ ತಾಸಿಗೆ 10 ಸಲ ಉಸಿರೆಳೆಯುವ ಅಭ್ಯಾಸ ಮೊದಲು, ಧ್ಯಾನ ಆಮೇಲೆ.

ಧ್ಯಾನವನ್ನು 3ರಿಂದ 5 ನಿಮಿಷದಿಂದ ಶುರು ಮಾಡಬೇಕು, ದಿನಕ್ಕೆ ಎರಡು ಹೊತ್ತು. ಹೊರಬಿಡುವ ಉಸಿರನ್ನು ಮಾತ್ರ 1ರಿಂದ 10ರವರೆಗೆ ಎಣಿಸಿ, ತಪ್ಪಿದರೆ ಮತ್ತೆ 1ಕ್ಕೆ ಬರಬೇಕು. ಅಂಗಾಂಗಗಳ ಮೇಲೆ ಒಂದೊಂದಾಗಿ ಗಮನ ಹರಿಸುವ ಧ್ಯಾನವನ್ನು ಪಾದದಿಂದ ಆರಂಭಿಸುವ ರೂಢಿಯಿದೆ. ಬೆನ್ನುಹುರಿ ಪೆಟ್ಟಿನವರಿಗೆ ಅದು ಕೆಟ್ಟ ಆರಂಭ. ಮೊದಲ ಹೆಜ್ಜೆಯಲ್ಲೇ ಏನೂ ತಿಳಿಯದ ಪಾದ ಎದುರಾಗುತ್ತದೆ. ಅಳು ಬರುತ್ತದೆ, ಇಲ್ಲವೇ ನರದ ಉರಿ ಇನ್ನಷ್ಟು ಎದ್ದು ಕಾಣುತ್ತದೆ. ತುಟಿ, ಕೆನ್ನೆ, ಅಂಗೈ, ಹೀಗೆ ಸ್ಪರ್ಶ ಗಟ್ಟಿಯಾಗಿರುವ ಕಡೆಯಿಂದ ತೊಡಗಿ, ಉರಿಯ ಅಂಚಿನವರೆಗೆ ಹೋಗಿ, ಮತ್ತೆ ಅಂಗೈಗೆ ಮರಳಬೇಕು. ಮರದಿಂದ ಬಿದ್ದವರಲ್ಲಿ ಕೆಲವರಿಗೆ ಕಣ್ಣು ಮುಚ್ಚಿದೊಡನೆ ಬೀಳುತ್ತಿರುವಂತೆ ಆಗುತ್ತದೆ. ಅಂಥವರು ಕಣ್ಣು ತೆರೆದೇ ಕುಳಿತು ಎದುರಿಗಿರುವ 5 ವಸ್ತುಗಳ ಹೆಸರು ಹೇಳಿಕೊಳ್ಳಲಿ. ಅಪಘಾತದ ದುಃಸ್ವಪ್ನ, ಬೆಚ್ಚಿಬೀಳುವುದು ತಿಂಗಳು ಕಳೆದರೂ ನಿಲ್ಲದಿದ್ದರೆ ಮನೋವೈದ್ಯರನ್ನು ಕಾಣಬೇಕು. ಧ್ಯಾನವನ್ನು ಹೆಚ್ಚಿಸುವುದು ಅದಕ್ಕೆ ಪರಿಹಾರವಲ್ಲ.

ಎರಡು ಅಪಾಯಗಳನ್ನು ದಯವಿಟ್ಟು ದಪ್ಪಕ್ಷರದಲ್ಲಿ ಅಚ್ಚು ಹಾಕಿ. ಮೊದಲನೆಯದು ಬೆನ್ನುಹುರಿಯ ಎದೆಭಾಗದ 6ನೇ ಹಂತ, ಅಂದರೆ ಚೀಟಿಯಲ್ಲಿ ಟಿ6 ಎಂದು ಬರೆಯುವ ಜಾಗ ಅಥವಾ ಅದಕ್ಕಿಂತ ಮೇಲೆ ಪೆಟ್ಟಾದವರದು. ಇದ್ದಕ್ಕಿದ್ದಂತೆ ತಲೆ ಸಿಡಿಯತೊಡಗಿ ಮುಖ ಕೆಂಪಾಗಿ ಬೆವರಿದರೆ ಮನೆಯವರು ಗಾಬರಿಯೆಂದು ತಿಳಿದು ಮಲಗಿಸಿ, ‘ನಿಧಾನ ಉಸಿರಾಡು’ ಎನ್ನುತ್ತಾರೆ. ಅದು ಗಾಬರಿಯಲ್ಲ, ರಕ್ತದೊತ್ತಡ ಒಮ್ಮೆಲೇ ಏರಿದ ಗುರುತು. ಮಲಗಿಸಿದರೆ ಅದು ಇನ್ನೂ ಏರುತ್ತದೆ. ಕೂಡಲೇ ನೆಟ್ಟಗೆ ಕೂರಿಸಿ ಕಾಲು ಇಳಿಬಿಡಿ, ಬಟ್ಟೆ ಸಡಿಲಿಸಿ, ಮೂತ್ರದ ನಳಿಕೆ (ಕ್ಯಾಥೆಟರ್) ಮಡಚಿದೆಯೇ ನೋಡಿ, ಮೂತ್ರಕೋಶ ಖಾಲಿ ಮಾಡಿಸಿ. ತುಂಬಿದ ಮೂತ್ರಕೋಶ, ಅದು ಬಿಟ್ಟರೆ ಕಟ್ಟಿದ ಮಲ, ಇವೇ ಹೆಚ್ಚಾಗಿ ಕಾರಣ. 4ರಿಂದ 6 ತಾಸಿಗೊಮ್ಮೆ ಮೂತ್ರ ತೆಗೆದು, ಒಂದು ಸಲಕ್ಕೆ 500 ಮಿಲಿಲೀಟರ್ ಮೀರದಂತೆ ನೋಡಿಕೊಂಡರೆ ಇದು ಕಡಿಮೆಯಾಗುತ್ತದೆ. ಇವರ ರಕ್ತದೊತ್ತಡದ ಮೇಲಿನ ಅಂಕಿ ಸಾಮಾನ್ಯವಾಗಿ 90ರಿಂದ 110. ಅವರಲ್ಲಿ 140 ಕೂಡ ಅಪಾಯವೇ. ಇಳಿಯದಿದ್ದರೆ ಕೂರಿಸಿಕೊಂಡೇ ಆಸ್ಪತ್ರೆಗೆ ಒಯ್ಯಬೇಕು. ಎರಡನೆಯದು, ಧ್ಯಾನ ಹಿಡಿಸಿತೆಂದು ಮಾತ್ರೆ ನಿಲ್ಲಿಸುವುದು. ಕಾಲಿನ ಸೆಟೆತಕ್ಕೆ ಕೊಡುವ ಬ್ಯಾಕ್ಲೋಫೆನ್ ಒಮ್ಮೆಲೇ ಬಿಟ್ಟರೆ ಜ್ವರ, ಭ್ರಮೆ, ಫಿಟ್ಸ್ ಬರಬಹುದು. ವೈದ್ಯರು ಹೇಳಿದಂತೆ ಹಂತಹಂತವಾಗಿಯೇ ಇಳಿಸಬೇಕು.

ಸರ್ಕಾರಕ್ಕೂ ಒಂದು ಮಾತು. 2025ರಲ್ಲಿ ಬಂದ ಕೇಂದ್ರದ ನಗದುರಹಿತ ಯೋಜನೆಯಲ್ಲಿ ವಾಹನ ಅಪಘಾತಕ್ಕೆ 7 ದಿನ, 1.5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯಿದೆ. ಅಡಿಕೆ ಕೊನೆ ಕೊಯ್ಯಲು ಹತ್ತಿ ಮರದಿಂದ ಬಿದ್ದ ಕೊನೆಗೌಡರಿಗೆ ಅದು ಅನ್ವಯಿಸದು. ಪುನರ್ವಸತಿಗೆ ಬೇಕಾಗುವುದು ತಿಂಗಳುಗಳು. ತಾಲ್ಲೂಕು ಆಸ್ಪತ್ರೆಯಲ್ಲಿ ಕ್ಯಾಥೆಟರ್, ಕುಶನ್, ವಾರಕ್ಕೊಮ್ಮೆ ಮನೆಗೆ ಹೋಗುವ ಫಿಸಿಯೋಥೆರಪಿಸ್ಟ್, ಇಷ್ಟಾದರೂ ಸಿಗಬೇಕು.

ಮಳೆಗಾಲದಲ್ಲಿ ಮರ ಹತ್ತಿ ಅಡಿಕೆಗೆ ಕೊಳೆರೋಗ ತಡೆಯುವ ಬೋರ್ಡೋ ಮದ್ದು ಹೊಡೆಯಲು ಶುರುವಾಗುವ ಮೊದಲು ಈ ನಾಲ್ಕು ಸಾಲುಗಳನ್ನು ಪತ್ರಿಕೆ ಒಂದು ಚೌಕಟ್ಟಿನಲ್ಲಿ ಕೊಡಲಿ. ಬಿದ್ದವರನ್ನು ಕೈಕಾಲು ಹಿಡಿದು ಎತ್ತಬೇಡಿ, ಕೂರಿಸಬೇಡಿ, ನೀರು ಕುಡಿಸಬೇಡಿ. ಒಬ್ಬರು ತಲೆ, ಕುತ್ತಿಗೆ ಹಿಡಿದು, ಇನ್ನು ನಾಲ್ವರು ಭುಜ, ಸೊಂಟ, ಕಾಲು ಹಿಡಿದು, ಒಂದೇ ಎಣಿಕೆಗೆ ಇಡೀ ಮೈಯನ್ನು ಒಟ್ಟಿಗೆ ಹೊರಳಿಸಿ ಹಲಗೆಯ ಮೇಲೆ ಮಲಗಿಸಿ, 108ಕ್ಕೆ ಕರೆ ಮಾಡಿ. ಕುತ್ತಿಗೆಯ ಎರಡೂ ಬದಿಗೆ ಸುತ್ತಿದ ಟವೆಲ್ ಇಡಿ, ಸೊಂಟದ ಕತ್ತಿ, ಜೇಬಿನ ಕೀಲಿಕೈ ತೆಗೆದುಬಿಡಿ. ಆಸ್ಪತ್ರೆ ಮುಟ್ಟಿದ ಮೇಲೆ ಹಲಗೆಯಿಂದ ಬೇಗ ಇಳಿಸಲು ಹೇಳಿ, ಹುಣ್ಣು ಅಲ್ಲಿಯೇ ಶುರುವಾಗುತ್ತದೆ.

ಬೆನ್ನುಹುರಿ ಪುನರ್ವಸತಿಯಲ್ಲಿ ತೊಡಗಿರುವ ಫಿಸಿಯೋಥೆರಪಿಸ್ಟರು ಮತ್ತು ದಾದಿಯರು,
ಶಿರಸಿ